ಬೆಂಡು ಕಟ್ಟಿ ಗಾಳ ಹಾಕಲು ಯಾವ ರೀಲ್ ಒಳ್ಳೆಯದು? ಬಜೆಟ್ ಮೂರು ಸಾವಿರ

ಕೆರೆಏರಿ ಹುಡುಗ

ಎಲ್ಲರಿಗೂ ನಮಸ್ಕಾರ. ಊರು ಮಂಡ್ಯ ಕಡೆ. ಚಿಕ್ಕಂದಿನಿಂದ ಬಿದಿರು ಕಡ್ಡಿಗೆ ನೈಲಾನ್ ದಾರ ಕಟ್ಟಿ, ಹಳೆ ಹವಾಯಿ ಚಪ್ಪಲಿ ಕತ್ತರಿಸಿ ನೀರಿನ ಮೇಲೆ ತೇಲುವ ಬೆಂಡು ಮಾಡಿ, ಎರೆಹುಳು ಸಿಕ್ಕಿಸಿ ಮೀನು ಹಿಡಿದವನು ನಾನು. ಜಿಲೇಬಿ ಮೀನಿಗೆ ಅಷ್ಟೇ ಸಾಕು. ಆದರೆ ನಮ್ಮ ಕೆರೆಯಲ್ಲಿ ರೋಹು, ಕಾಟ್ಲಾ, ಗೆಂಡೆ ಬಿಟ್ಟಿದ್ದಾರೆ, ಅವು ದಡದ ಹತ್ತಿರ ಬರುವುದೇ ಇಲ್ಲ, ಇಪ್ಪತ್ತೈದು ಮೂವತ್ತು ಮೀಟರ್ ಆಚೆ ಗುಳ್ಳೆ ಬಿಡುತ್ತಾ ಓಡಾಡುತ್ತವೆ, ನಾನು ಏರಿ ಮೇಲೆ ಕೂತು ನೋಡುತ್ತಾ ಇರುವುದು. ಕೆರೆ ಗುತ್ತಿಗೆ ಹಿಡಿದವರು ಗೊತ್ತಿರುವವರೇ, ಗಾಳಕ್ಕೆ ಒಪ್ಪಿದ್ದಾರೆ, ಅದರ ಚಿಂತೆ ಇಲ್ಲ.

12 ಅಡಿಯ ಫೋಲ್ಡಿಂಗ್ ರಾಡ್ ತೆಗೆದುಕೊಂಡಾಯಿತು. ಈಗ ದಾರ ಸುತ್ತುವ ರೀಲ್. ಆನ್‌ಲೈನ್‌ನಲ್ಲಿ ನೋಡಿದರೆ ತಲೆ ಕೆಡುತ್ತದೆ. 1000ದಿಂದ 6000ದವರೆಗೆ ನಂಬರ್, ಒಂದರಲ್ಲಿ 12 ಬೇರಿಂಗ್, ಇನ್ನೊಂದರಲ್ಲಿ 3, ಆದರೆ 3 ಇರುವುದೇ ಜಾಸ್ತಿ ರೇಟು. ಬೇಟ್‌ಕಾಸ್ಟಿಂಗ್ ರೀಲ್ ಅಂತ ಇನ್ನೊಂದು ಇದೆ, ನೋಡಲು ಚೆನ್ನಾಗಿದೆ. ಬೆಂಡು ಕಟ್ಟಿ ಹಾಕುವುದಕ್ಕೆ ಇದರಲ್ಲಿ ಯಾವುದು? ದಾರ ನೈಲಾನೋ, ಎಳೆ ಹೆಣೆದು ಮಾಡಿದ ಬ್ರೇಡೋ? ಗೊತ್ತಿರುವವರು ಸ್ವಲ್ಪ ಹೇಳಿ.

ಹೇಮಾವತಿ ದಡ

ಮೂರು ಸಾವಿರ ಧಾರಾಳವಾಯಿತು ಗುರೂ. ಆದರೆ ರೀಲ್ ನೋಡುವ ಮೊದಲು ಎಷ್ಟು ದಪ್ಪದ ದಾರ ಹಾಕುತ್ತೀರಿ ಅಂತ ತೀರ್ಮಾನ ಮಾಡಿ. ಎಲ್ಲರೂ ಇದನ್ನು ಉಲ್ಟಾ ಮಾಡುತ್ತಾರೆ. ಮೊದಲು ದೊಡ್ಡ ರೀಲ್ ತರುತ್ತಾರೆ, ರೀಲ್ ದೊಡ್ಡದು ಅಂತ ದಪ್ಪ ದಾರ ತುಂಬುತ್ತಾರೆ, ದಪ್ಪ ದಾರಕ್ಕೆ ಸಣ್ಣ ಬೆಂಡು ದೂರ ಹೋಗುವುದಿಲ್ಲ ಅಂತ ದೊಡ್ಡ ಬೆಂಡು ಕಟ್ಟುತ್ತಾರೆ, ಕೊನೆಗೆ ರೋಹು ಬಂದು ಹಿಟ್ಟು ತಿಂದುಕೊಂಡು ಹೋದರೂ ಬೆಂಡು ಅಲ್ಲಾಡುವುದಿಲ್ಲ.

ನಿಮ್ಮ ಕೆರೆಗೆ 0.25 ಮಿ.ಮೀ. ನೈಲಾನ್ ಸಾಕು. ಕಾಟ್ಲಾ ದೊಡ್ಡದಿದೆ ಅಂತ ಖಾತ್ರಿ ಇದ್ದರೆ 0.28 ಅಥವಾ 0.30. ಅದಕ್ಕಿಂತ ದಪ್ಪ ಬೇಡವೇ ಬೇಡ.

ಈ ದಾರಕ್ಕೆ ಸರಿಹೋಗುವುದು 2500 ಅಳತೆಯ ಸ್ಪಿನ್ನಿಂಗ್ ರೀಲ್. ಡಬ್ಬದ ಮೇಲೋ ಸ್ಪೂಲ್ (ದಾರ ಸುತ್ತಿಕೊಳ್ಳುವ ಉರುಳೆ) ಮೇಲೋ 0.25-160 ಅಂತ ಬರೆದಿರುತ್ತದೆ ನೋಡಿ. ಅಂದರೆ 0.25 ಮಿ.ಮೀ. ದಾರ 160 ಮೀಟರ್ ಹಿಡಿಯುತ್ತದೆ ಅಂತ. 0.30 ಹಾಕಿದರೆ ಅದೇ ಸ್ಪೂಲ್‌ನಲ್ಲಿ ಸುಮಾರು 110 ಮೀಟರ್. ಕೆರೆಗೆ ಇದೂ ಜಾಸ್ತಿಯೇ.

ಬೇಟ್‌ಕಾಸ್ಟಿಂಗ್ ರೀಲ್ ಆಸೆ ಬಿಟ್ಟುಬಿಡಿ. ಅದರಲ್ಲಿ ದಾರ ಹೊರಗೆ ಹೋಗಬೇಕಾದರೆ ಬಾವಿಯ ರಾಟೆ ಹಾಗೆ ಸ್ಪೂಲೇ ತಿರುಗಬೇಕು. ಬೆಂಡು, ಸೀಸ, ಕೊಕ್ಕೆ ಎಲ್ಲಾ ಸೇರಿ ಐದಾರು ಗ್ರಾಂ ಇದ್ದರೆ ಅದನ್ನು ತಿರುಗಿಸುವ ಶಕ್ತಿ ಎಲ್ಲಿಂದ ಬರಬೇಕು? ಜೋರಾಗಿ ಬೀಸಿದರೆ ಬೆಂಡು ನಿಧಾನ, ಸ್ಪೂಲ್ ಜೋರು. ದಾರ ಸಿಕ್ಕು ಸಿಕ್ಕಾಗಿ ಒಳಗೇ ಗಂಟು ಬೀಳುತ್ತದೆ. ಹಗುರ ತೂಕಕ್ಕೆ ಅಂತಲೇ ಮಾಡಿದ ಬೇಟ್‌ಕಾಸ್ಟರ್‌ಗಳೂ ಇವೆ, ಆದರೆ ಅವು ನಿಮ್ಮ ಬಜೆಟ್‌ನಲ್ಲಿ ಇಲ್ಲ, ಬೆಂಡಿನ ಕೆಲಸಕ್ಕೆ ಬೇಕಾಗಿಯೂ ಇಲ್ಲ. ಸ್ಪಿನ್ನಿಂಗ್ ರೀಲ್‌ನಲ್ಲಿ ಎಸೆಯುವಾಗ ಸ್ಪೂಲ್ ತಿರುಗುವುದೇ ಇಲ್ಲ, ದಾರ ಅದರ ಅಂಚಿನ ಮೇಲಿಂದ ಸುರುಳಿ ಸುರುಳಿಯಾಗಿ ಜಾರಿ ಹೋಗುತ್ತದೆ. ಅದಕ್ಕೇ ಹಗುರ ಬೆಂಡೂ ದೂರ ಹೋಗುವುದು.

ಕಬಿನಿ ಬ್ಯಾಕ್‌ವಾಟರ್

ಮೇಲಿನವರು ಹೇಳಿದ್ದು ಅರ್ಧ ಸರಿ. ನನ್ನ ಪ್ರಕಾರ 4000 ತಗೊಳ್ಳಿ, ಬ್ರೇಡ್ ತುಂಬಿ, ಮುಗೀತು. ನಾಳೆ ಎಂಟು ಕಿಲೋ ಕಾಟ್ಲಾ ಹಿಡಿದು ಓಡಿದರೆ 2500 ರೀಲ್ ಇಟ್ಟುಕೊಂಡು ಏನು ಮಾಡುತ್ತೀರಿ? ಅಳುತ್ತೀರಿ. ಬ್ರೇಡ್ ಅದೇ ದಪ್ಪದ ನೈಲಾನಿಗಿಂತ ಎಷ್ಟೋ ಗಟ್ಟಿ, ಹಿಗ್ಗುವುದಿಲ್ಲ, ಮೀನು ಮುಟ್ಟಿದ ತಕ್ಷಣ ಕೈಗೆ ಗೊತ್ತಾಗುತ್ತದೆ. ಒಂದು ಸಲ ತಗೊಂಡರೆ ಕೆರೆಗೂ ಆಯಿತು, ಹಿನ್ನೀರಿಗೂ ಆಯಿತು.

ಹೇಮಾವತಿ ದಡ

ಕಬಿನಿ ಅಣ್ಣ, ಹಿನ್ನೀರಿನಲ್ಲಿ ಸೀಸ ಕಟ್ಟಿ ತಳಕ್ಕೆ ಬಿಡುವವರಿಗೆ ನೀವು ಹೇಳಿದ್ದು ಸರಿ. ಇವರು ಕೇಳುತ್ತಿರುವುದು ಬೆಂಡಿಗೆ.

ಕೈಗೆ ಗೊತ್ತಾಗುವುದರಿಂದ ಬೆಂಡಿನವರಿಗೆ ಏನು ಲಾಭ ಹೇಳಿ? ನಾವು ನೋಡುವುದು ಕಣ್ಣಲ್ಲಿ. ಮೀನು ಮುಟ್ಟಿದ್ದನ್ನು ಬೆಂಡು ಹೇಳುತ್ತದೆ. ಇನ್ನು ಬ್ರೇಡ್ ನೀರಿನ ಮೇಲೆ ತೇಲುತ್ತದೆ. ಕೆರೆಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಎದ್ದರೆ ತೇಲುವ ದಾರ ಬಿಲ್ಲಿನ ಹಾಗೆ ಬಾಗಿ ಬೆಂಡನ್ನು ಎಳೆದುಕೊಂಡು ಹೋಗುತ್ತದೆ. ಹಿಟ್ಟು ಒಂದು ಕಡೆ, ಬೆಂಡು ಒಂದು ಕಡೆ. ನೈಲಾನ್ ಆದರೆ ಮುಳುಗಿಸಬಹುದು. ಬೆಂಡು ಬಿದ್ದ ಮೇಲೆ ರಾಡ್ ತುದಿಯನ್ನು ನೀರಿನೊಳಗೆ ಇಳಿಸಿ ಎರಡು ಮೂರು ಸುತ್ತು ಜೋರಾಗಿ ಸುತ್ತಿ, ದಾರ ಒಳಗೆ ಹೋಗುತ್ತದೆ. ಹೊಸ ದಾರದ ಮೇಲೆ ಎಣ್ಣೆ ಜಿಡ್ಡು ಇದ್ದು ಮುಳುಗದೇ ಇದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬಟ್ಟೆಗೆ ಹಾಕಿ ದಾರ ಒರೆಸಿ. ಇದಕ್ಕಾಗಿ ಬೆಂಡನ್ನು ಕೆಳತುದಿಯಲ್ಲಿ ಮಾತ್ರ ದಾರಕ್ಕೆ ಸೇರಿಸಿರಬೇಕು, ಮೇಲೂ ಕೆಳಗೂ ರಬ್ಬರ್ ಹಾಕಿ ಕಟ್ಟಿದರೆ ಈ ಉಪಾಯ ನಡೆಯುವುದಿಲ್ಲ.

ಎಂಟು ಕಿಲೋ ಕಾಟ್ಲಾ ವಿಷಯ. ಮೀನನ್ನು ಸುಸ್ತು ಮಾಡುವುದು ರೀಲಿನ ಗಾತ್ರದಿಂದ ಆಗುವುದಿಲ್ಲ. ಉದ್ದ ರಾಡ್ ಬಾಗುವುದರಿಂದ ಆಗುತ್ತದೆ, ನೈಲಾನ್ ಸ್ವಲ್ಪ ಹಿಗ್ಗುವುದರಿಂದ ಆಗುತ್ತದೆ, ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರ ಹಿಡಿದು ಹಿಡಿದು ಬಿಡುವ ರೀಲಿನ ಬ್ರೇಕು, ನಯವಾಗಿ ದಾರ ಬಿಡುವುದರಿಂದ ಆಗುತ್ತದೆ. ಕೆರೆಯಲ್ಲಿ ಬಂಡೆ, ಮುಳುಗಿದ ಮರ ಇಲ್ಲದಿದ್ದರೆ ಎಳೆದಷ್ಟು ಎಳೆಯಲಿ ಬಿಡಿ. ಇಲ್ಲಿ ಇನ್ನೊಂದು ಮಾತು. 4000 ರೀಲಿನ ಸ್ಪೂಲ್ ಅಗಲ, ದಾರ ದೊಡ್ಡ ಸುರುಳಿಯಾಗಿ ಬಿಡುತ್ತದೆ, ಆ ಸುರುಳಿ ಫೋಲ್ಡಿಂಗ್ ರಾಡಿನ ಸಣ್ಣ ಮೊದಲ ಉಂಗುರಕ್ಕೆ ಬಡಿದು ವೇಗ ಕಳೆದುಕೊಳ್ಳುತ್ತದೆ. ರೀಲಿನ ತೂಕವೂ ಜಾಸ್ತಿ. ತಳದ ಗಾಳ ಆದರೆ ರಾಡನ್ನು ಕವೆಗೆ ಒರಗಿಸಿ ಬೀಡಿ ಹಚ್ಚಬಹುದು. ಬೆಂಡಿನ ಗಾಳದಲ್ಲಿ ಇಡೀ ಬೆಳಿಗ್ಗೆ ರಾಡ್ ಕೈಯಲ್ಲೇ ಇರುತ್ತದೆ, ಮಣಿಕಟ್ಟು ಹೇಳುತ್ತದೆ ಆಮೇಲೆ.

ಕಬಿನಿ ಬ್ಯಾಕ್‌ವಾಟರ್

ಗಾಳಿ ವಿಷಯ ಒಪ್ಪಿದೆ. ಗಾತ್ರದ ವಿಷಯ ಒಪ್ಪಲ್ಲ 😄 3000 ಅಳತೆಗೆ ರಾಜಿ ಮಾಡಿಕೊಳ್ಳೋಣ.

ರೀಲ್ ರಿಪೇರಿ ರಂಗ

ಬೇರಿಂಗ್ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬಂದೆ. ನಾನು ಬೆಂಗಳೂರಿನಲ್ಲಿ ಹವ್ಯಾಸಕ್ಕೆ ರೀಲ್ ಬಿಚ್ಚಿ ಜೋಡಿಸುವವನು, ಸ್ನೇಹಿತರ ರೀಲುಗಳೆಲ್ಲ ನನ್ನ ಮೇಜಿನ ಮೇಲೇ ಬಂದು ಬೀಳುತ್ತವೆ.

ಡಬ್ಬದ ಮೇಲೆ 12+1 ಅಂತ ಇದ್ದ ಮಾತ್ರಕ್ಕೆ ನಂಬಬೇಡಿ. ಅಗ್ಗದ ರೀಲಿನಲ್ಲಿ ಬೇರಿಂಗ್ ಲೆಕ್ಕ ಹೆಚ್ಚಿಸಲು ಕೆಲಸಕ್ಕೆ ಬಾರದ ಜಾಗದಲ್ಲೆಲ್ಲ ಒಂದೊಂದು ತುರುಕಿರುತ್ತಾರೆ. ನಿಜವಾಗಿ ಬೇಕಾಗಿರುವುದು ಹಿಡಿಕೆ ತಿರುಗಿಸುವ ದೊಡ್ಡ ಗೇರಿನ ಎರಡೂ ಕಡೆ, ರೋಟರ್ (ಸ್ಪೂಲ್ ಸುತ್ತ ತಿರುಗಿ ದಾರ ಸುತ್ತುವ ಭಾಗ) ಹಿಡಿದಿರುವ ಸಣ್ಣ ಗೇರಿನ ಹತ್ತಿರ, ಆಮೇಲೆ ಸಾಧ್ಯವಾದರೆ ದಾರ ಹಾದು ಬರುವ ಪುಟ್ಟ ಉರುಳೆ, ಅಂದರೆ ಲೈನ್ ರೋಲರ್‌ನಲ್ಲಿ. ನಾಲ್ಕು ಒಳ್ಳೆಯ ಬೇರಿಂಗ್ ಇದ್ದರೆ ಆಯಿತು. ಪ್ಲಸ್ ಒಂದು ಅಂತ ಬರೆಯುವುದು ಸಾಮಾನ್ಯವಾಗಿ ರೀಲ್ ಹಿಂದಕ್ಕೆ ತಿರುಗದಂತೆ ತಡೆಯುವ ರೋಲರ್ ಬೇರಿಂಗ್. ಅದು ಮಾತ್ರ ಬೇಕೇ ಬೇಕು. ಅದಿಲ್ಲದಿದ್ದರೆ ಹಿಡಿಕೆ ಪ್ರತಿ ಸಲ ಒಂದಿಷ್ಟು ಹಿಂದಕ್ಕೆ ಬಂದು ಟಕ್ ಅಂತ ನಿಲ್ಲುತ್ತದೆ. ಬೆಂಡು ಮುಳುಗಿ ನೀವು ಹೊಡೆದೆಳೆಯುವ ಹೊತ್ತಿಗೆ ಆ ಸಡಿಲ ಕಿರಿಕಿರಿ ಮಾಡುತ್ತದೆ.

ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ ತೆಗೆದುಕೊಳ್ಳಿ, ಸಾಧ್ಯವಾದರೆ. ನಾನು ನೋಡುವುದು ಇಷ್ಟು. ಹಿಡಿಕೆ ನಿಧಾನವಾಗಿ ತಿರುಗಿಸಿ, ಜೋರಾಗಿ ತಿರುಗಿಸಿದರೆ ಎಲ್ಲಾ ರೀಲೂ ನಯವಾಗಿಯೇ ಅನಿಸುತ್ತದೆ. ನಿಧಾನಕ್ಕೆ ತಿರುಗಿಸುವಾಗ ಎಲ್ಲಾದರೂ ಗರಗರ ಅಂದರೆ ಬಿಡಿ. ಆಮೇಲೆ ಬೇಲ್, ಅಂದರೆ ಆ ತಂತಿ ಕಮಾನು, ಅದನ್ನು ಕೈಯಲ್ಲಿ ಮುಚ್ಚಿ ತೆರೆದು ನೋಡಿ. ಅರ್ಧಕ್ಕೆ ನಿಲ್ಲಬಾರದು. ಬೆಂಡಿನ ಗಾಳದಲ್ಲಿ ಬೇಲ್ ಕೆಲಸ ಜಾಸ್ತಿ, ತಳದ ಗಾಳದವರು ಒಂದು ಸಲ ಎಸೆದು ಕಾಯುತ್ತಾರೆ, ನೀವು ಹಿಟ್ಟು ಹೋಯಿತು, ಜಾಗ ಸರಿಯಿಲ್ಲ, ಗಾಳಿ ಎಳೆಯಿತು ಅಂತ ಮತ್ತೆ ಮತ್ತೆ ಎಸೆಯುತ್ತೀರಿ. ಮೊದಲು ಕೆಡುವುದು ಅದರ ಸ್ಪ್ರಿಂಗೇ. ಎಸೆದ ಮೇಲೆ ಹಿಡಿಕೆ ತಿರುಗಿಸಿ ಮುಚ್ಚುವ ಬದಲು ಕೈಯಲ್ಲೇ ಮುಚ್ಚಿ. ಸ್ಪ್ರಿಂಗೂ ಉಳಿಯುತ್ತದೆ, ಸ್ಪೂಲ್ ಮೇಲೆ ಸಡಿಲ ಕುಣಿಕೆಯೂ ಬೀಳುವುದಿಲ್ಲ.

ಲೈನ್ ರೋಲರ್ ಬೆರಳಿನಲ್ಲಿ ಉರುಳುತ್ತದೆಯಾ ನೋಡಿ. ಉರುಳದಿದ್ದರೆ ದಾರ ಅದರ ಮೇಲೆ ಉಜ್ಜಿ ಉಜ್ಜಿ ಸವೆಯುತ್ತದೆ, ತಿರುಚಿಕೊಳ್ಳುತ್ತದೆ. ಸ್ಪೂಲ್ ಅಂಚಿನಲ್ಲಿ ಉಗುರು ಆಡಿಸಿ. ಒಂದು ಸಣ್ಣ ಗೀರು ಇದ್ದರೂ ತೆಳು ದಾರ ಅಲ್ಲಿ ಸಿಕ್ಕಿ ತುಂಡಾಗುತ್ತದೆ.

ಡ್ರ್ಯಾಗ್ 8 ಕಿಲೋ, 10 ಕಿಲೋ ಅಂತ ಬರೆದಿರುವುದು ನಿಮಗೆ ಬೇಡದ ನಂಬರ್. ನಿಮ್ಮ 0.25 ದಾರ ತಡೆಯುವುದೇ ಸುಮಾರು ನಾಲ್ಕು ಕಿಲೋ, ಗಂಟು ಹಾಕಿದ ಮೇಲೆ ಇನ್ನೂ ಕಡಿಮೆ. ಡ್ರ್ಯಾಗ್ ಇಡಬೇಕಾದ್ದು ದಾರದ ಶಕ್ತಿಯ ಕಾಲು ಭಾಗದಿಂದ ಮೂರನೇ ಒಂದು ಭಾಗ, ಅಂದರೆ ಒಂದು ಕಿಲೋ ಅಥವಾ ಸ್ವಲ್ಪ ಮೇಲೆ. ಆ ಒಂದು ಕಿಲೋ ಎಳೆತದಲ್ಲಿ ದಾರ ಜರ್ಕ್ ಇಲ್ಲದೆ ಹರಿಯಬೇಕು. ಅಗ್ಗದ ರೀಲಿನ ಡ್ರ್ಯಾಗ್ ಮೊದಲು ಅಂಟಿಕೊಂಡು ಆಮೇಲೆ ಒಮ್ಮೆಲೇ ಬಿಡುತ್ತದೆ, ದಾರ ಹೋಗುವುದು ಆ ಕ್ಷಣದಲ್ಲೇ.

ಡ್ರ್ಯಾಗ್ ತಿರುಪು ಮುಂದೆ ಇರುವುದೋ ಹಿಂದೆ ಇರುವುದೋ ಅಂತ ಮುಂದಿನ ಪ್ರಶ್ನೆ ಬರುತ್ತದೆ, ಈಗಲೇ ಹೇಳಿಬಿಡುತ್ತೇನೆ. ಮುಂದೆ ಇರುವುದರಲ್ಲಿ ವಾಷರ್ ದೊಡ್ಡದು, ನಯ ಜಾಸ್ತಿ. ಹಿಂದೆ ಇರುವುದರಲ್ಲಿ ಮೀನು ಓಡುತ್ತಿರುವಾಗ ದಾರಕ್ಕೆ ಕೈ ತಾಗದೆ ತಿರುಗಿಸಬಹುದು, ಬೆಂಡಿನವರಲ್ಲಿ ಅದನ್ನೇ ಇಷ್ಟಪಡುವವರು ಇದ್ದಾರೆ. ನನ್ನ ಓಟು ಮುಂದಿನದಕ್ಕೆ, ಬಿಚ್ಚಿ ಶುಚಿ ಮಾಡುವುದು ಸುಲಭ ಅಂತ. ಸ್ವಾರ್ಥ ಅಂದುಕೊಳ್ಳಿ.

ಕೆರೆಏರಿ ಹುಡುಗ

ಅಬ್ಬಾ, ಇಷ್ಟೊಂದು ಉತ್ತರ! ಎಲ್ಲರಿಗೂ ಥ್ಯಾಂಕ್ಸ್. 2500, ನೈಲಾನ್, ಮುಂದಿನ ಡ್ರ್ಯಾಗ್ ಅಂತ ಬರೆದುಕೊಂಡೆ. ಗೇರ್ ರೇಶಿಯೋ 5.0 ಅಂತ ಕೆಲವು, 6.2 ಅಂತ ಕೆಲವು. ಜೋರಾಗಿ ಸುತ್ತುವುದೇ ಒಳ್ಳೆಯದು ಅಲ್ವಾ?

ಇನ್ನೊಂದು. ತೂಬಿನ ಹತ್ತಿರ ನಮ್ಮ ಕೆರೆ ಹದಿನೆಂಟು ಅಡಿ ಆಳ. ನನ್ನ ರಾಡೇ 12 ಅಡಿ. ಬೆಂಡಿನ ಕೆಳಗೆ ಹದಿನೆಂಟು ಅಡಿ ದಾರ ಬಿಟ್ಟರೆ ಎಸೆಯುವುದು ಹೇಗೆ?

ಹೇಮಾವತಿ ದಡ

ಗೇರ್ ರೇಶಿಯೋ ತಲೆ ಕೆಡಿಸಿಕೊಳ್ಳಬೇಡಿ. 5.0 ಅಂದರೆ ಹಿಡಿಕೆ ಒಂದು ಸುತ್ತಿಗೆ ರೋಟರ್ ಐದು ಸುತ್ತು. 2500 ಸ್ಪೂಲಿನಲ್ಲಿ ಒಂದು ಸುತ್ತಿಗೆ ಸುಮಾರು ಎಪ್ಪತ್ತು ಸೆಂ.ಮೀ. ದಾರ ಬರುತ್ತದೆ. 6.2 ಆದರೆ ತೊಂಬತ್ತರ ಹತ್ತಿರ. ಬೇಗ ಸುತ್ತಿ ಮತ್ತೆ ಎಸೆಯುವುದಕ್ಕೆ ಜಾಸ್ತಿ ಇದ್ದರೆ ಚೆನ್ನ, ದೊಡ್ಡ ಮೀನು ಎಳೆಯುವಾಗ ಕಡಿಮೆ ಇದ್ದರೆ ಕೈಗೆ ಹಗುರ. ಕೆರೆಗೆ ಎರಡೂ ನಡೆಯುತ್ತದೆ. ಶಿಮಾನೊ ಕಂಪನಿಯ ರೀಲಿನ ಹೆಸರಲ್ಲಿ ಎಚ್‌ಜಿ ಇದ್ದರೆ ಜಾಸ್ತಿ ವೇಗದ್ದು. ಎಸ್ ಇದ್ದರೆ ಆಳ ಕಡಿಮೆ ಇರುವ ಸ್ಪೂಲ್. ತೆಳು ದಾರಕ್ಕೆ ಅದು ಒಳ್ಳೆಯದು, ಕಡಿಮೆ ದಾರದಲ್ಲೇ ಅಂಚಿನವರೆಗೆ ತುಂಬುತ್ತದೆ.

ದೈವಾ ಕಂಪನಿಯದು ನೋಡುವುದಾದರೆ ಒಂದು ಎಚ್ಚರ. ಅವರ ಹಳೆಯ ಮಾಡೆಲ್‌ಗಳಲ್ಲಿ 2500 ಅಂದರೆ ಶಿಮಾನೊ 2500ಕ್ಕಿಂತ ದೊಡ್ಡದು. ಎಲ್‌ಟಿ ಅಂತ ಇರುವ ಹೊಸ ಸರಣಿಯಲ್ಲಿ ಅಳತೆ ಹೆಚ್ಚು ಕಡಿಮೆ ಒಂದೇ ಆಗಿದೆ. ನಂಬರ್ ಬಿಟ್ಟು ತೂಕ ಮತ್ತು ದಾರದ ಲೆಕ್ಕ ನೋಡಿದರೆ ಈ ಗೊಂದಲವೇ ಇಲ್ಲ.

ತೂಬಿನ ಆಳಕ್ಕೆ ಜಾರುವ ಬೆಂಡು. ಬೆಂಡನ್ನು ದಾರಕ್ಕೆ ಕಟ್ಟಬೇಡಿ, ಅದರ ಕೆಳಗಿನ ಉಂಗುರದೊಳಗೆ ದಾರ ಸಲೀಸಾಗಿ ಓಡಾಡಲಿ. ಕೊಕ್ಕೆಯಿಂದ ಹದಿನೆಂಟು ಅಡಿ ಮೇಲೆ ದಾರದ ಮೇಲೆಯೇ ಇನ್ನೊಂದು ತುಂಡು ದಾರದಿಂದ ಒಂದು ತಡೆಗಂಟು ಹಾಕಿ, ಗಂಟಿಗೂ ಬೆಂಡಿಗೂ ನಡುವೆ ಒಂದು ಸಣ್ಣ ಮಣಿ. ಎಸೆಯುವಾಗ ಬೆಂಡು ಕೆಳಗೆ ಸೀಸದ ಹತ್ತಿರ ಕೂತಿರುತ್ತದೆ. ನೀರಿಗೆ ಬಿದ್ದ ಮೇಲೆ ಸೀಸ ದಾರವನ್ನು ಎಳೆದುಕೊಂಡು ಇಳಿಯುತ್ತದೆ, ಗಂಟು ಬಂದು ಮಣಿಗೆ ತಾಗಿದಾಗ ನಿಲ್ಲುತ್ತದೆ, ಬೆಂಡು ನೆಟ್ಟಗಾಗುತ್ತದೆ. ಅಲ್ಲಿಯವರೆಗೆ ಬೇಲ್ ತೆರೆದೇ ಇಡಿ, ಮುಚ್ಚಿದರೆ ಬೆಂಡು ದಡದ ಕಡೆ ಎಳೆದುಕೊಂಡು ಬರುತ್ತದೆ. ಈ ಗಂಟು ರಾಡಿನ ಉಂಗುರದಲ್ಲೂ ರೀಲಿನೊಳಗೂ ಹೋಗಿ ಬರಬೇಕು. ಗಂಟಿನ ತುದಿಗಳನ್ನು ಬುಡಕ್ಕೇ ಕತ್ತರಿಸಬೇಡಿ. ಎರಡು ಮೂರು ಸೆಂ.ಮೀ. ಬಿಟ್ಟರೆ ಮಡಚಿಕೊಂಡು ನಯವಾಗಿ ಜಾರುತ್ತದೆ, ಮೊಂಡಾಗಿ ಕತ್ತರಿಸಿದ್ದು ಉಂಗುರಕ್ಕೆ ಸಿಕ್ಕಿಕೊಳ್ಳುತ್ತದೆ.

ಆಳ ಇದೆ ಅಂತ ಯಾವಾಗಲೂ ತಳಕ್ಕೇ ಬಿಡಬೇಕಾಗಿಲ್ಲ. ಗೆಂಡೆ, ಮೃಗಾಲ್ ತಳದಲ್ಲಿ ಮೇಯುತ್ತವೆ. ರೋಹು ನಡುನೀರು. ಕಾಟ್ಲಾ ಇನ್ನೂ ಮೇಲೆ, ಅದರ ಬಾಯೇ ಮೇಲಕ್ಕೆ ತಿರುಗಿರುತ್ತದೆ ನೋಡಿ. ನಾಲ್ಕು ಅಡಿಗೆ ಬೆಂಡು ಇಟ್ಟು ಕಡಲೆಕಾಯಿ ಹಿಂಡಿ, ತೌಡು ಕಲಸಿ ಉಂಡೆ ಮಾಡಿ ಒಂದೇ ಜಾಗಕ್ಕೆ ಹಾಕುತ್ತಾ ಇರಿ. ಒಂದೇ ಜಾಗಕ್ಕೆ ಪ್ರತಿ ಸಲ ಬೀಳಬೇಕು ಅಂದರೆ ಸ್ಪೂಲ್ ಪಕ್ಕದಲ್ಲಿ ಲೈನ್ ಕ್ಲಿಪ್ ಇರುವ ರೀಲ್ ತಗೊಳ್ಳಿ. ಒಂದು ಸಲ ಸರಿಯಾದ ದೂರಕ್ಕೆ ಎಸೆದು ದಾರವನ್ನು ಅದಕ್ಕೆ ಸಿಕ್ಕಿಸಿದರೆ ಅಲ್ಲಿಂದ ಮುಂದೆ ಹೋಗುವುದಿಲ್ಲ. ದೊಡ್ಡ ಮೀನು ಬಿದ್ದ ತಕ್ಷಣ ಬಿಡಿಸುವುದು ಮರೆಯಬೇಡಿ ಅಷ್ಟೇ.

ಮಲ್ಪೆ ಗಾಳ

ನಾನು ಕರಾವಳಿಯವ, ಅಳಿವೆಯಲ್ಲಿ ಸೀಗಡಿ ಕಟ್ಟಿ ಬೆಂಡು ಬಿಡುವುದು. ಮಾರಾಯ್ರೇ, ಇವರು ಹೇಳಿದ 2500 ನಮಗೂ ಸಾಕಾಗುತ್ತದೆ, ಆದರೆ ಉಪ್ಪು ನೀರಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಮನೆಗೆ ಬಂದ ಮೇಲೆ ಡ್ರ್ಯಾಗ್ ಬಿಗಿ ಮಾಡಿ ಸಿಹಿ ನೀರನ್ನು ಮೆಲ್ಲಗೆ ಹನಿಸಿ ತೊಳೆಯಿರಿ. ಜೋರು ನಳ್ಳಿ ಕೆಳಗೆ ಹಿಡಿಯಬೇಡಿ, ಉಪ್ಪು ಒಳಗೇ ಹೋಗುತ್ತದೆ. ಒರೆಸಿ ಒಣಗಿಸಿ, ಆಮೇಲೆ ಡ್ರ್ಯಾಗ್ ಸಡಿಲ ಮಾಡಿ ಇಡಿ, ಇಲ್ಲದಿದ್ದರೆ ವಾಷರ್ ಒತ್ತಿಕೊಂಡು ಗಟ್ಟಿಯಾಗುತ್ತದೆ. ಮತ್ತೆ ಆ ಕಾಂಬೋ ಕಿಟ್ ಅಂತ ರಾಡ್, ರೀಲ್, ದಾರ, ಬೆಂಡು ಎಲ್ಲಾ ಸೇರಿಸಿ ಮಾರುತ್ತಾರಲ್ಲ, ಅದರ ದಾರ ಮಾತ್ರ ಬಿಸಾಡಿ. ತಂಗೂಸಿಗೆ, ಅಂದರೆ ನೈಲಾನ್ ದಾರಕ್ಕೆ, ಬೇರೆಯೇ ದುಡ್ಡು ಇಡಿ.

ಟ್ರೆಂಟ್ ತೀರ

ಶಿವಮೊಗ್ಗದವನು, ಈಗ ಇರುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ಬೆಂಡಿನ ಗಾಳದ ಹುಚ್ಚರ ಊರು ಇದು. ಇಲ್ಲಿನ ಟ್ರೆಂಟ್ ನದಿಯಲ್ಲಿ ಇವತ್ತಿಗೂ ಕೆಲವರು ಸೆಂಟರ್‌ಪಿನ್ ಅನ್ನುವ ರೀಲ್ ಇಟ್ಟುಕೊಂಡು ಬರುತ್ತಾರೆ. ಅದರಲ್ಲಿ ಗೇರೂ ಇಲ್ಲ, ಬೇಲೂ ಇಲ್ಲ. ಒಂದು ಕಂಬಿ, ಅದರ ಮೇಲೆ ಒಂದು ಚಕ್ರ, ಅಷ್ಟೇ. ಹರಿಯುವ ನೀರು ಬೆಂಡನ್ನು ಎಳೆದುಕೊಂಡು ಹೋಗುತ್ತಿದ್ದರೆ ಚಕ್ರ ತನ್ನಷ್ಟಕ್ಕೆ ತಿರುಗಿ ದಾರ ಬಿಡುತ್ತದೆ, ಹೆಬ್ಬೆರಳಿನಿಂದ ಅಂಚನ್ನು ಸ್ವಲ್ಪ ಒತ್ತಿದರೆ ಬೆಂಡು ನಿಧಾನವಾಗುತ್ತದೆ, ಹಿಟ್ಟು ಬೆಂಡಿಗಿಂತ ಮುಂದೆ ಸಾಗುತ್ತದೆ. ಡ್ರ್ಯಾಗ್ ಕೂಡ ಆ ಹೆಬ್ಬೆರಳೇ. ಹಳೆಯ ಕಾಲದಲ್ಲಿ ಇದನ್ನು ಮರದಲ್ಲಿ ಮಾಡುತ್ತಿದ್ದರು, ನಾಟಿಂಗ್‌ಹ್ಯಾಮ್ ರೀಲ್ ಅಂತಲೇ ಹೆಸರು. ಕೆನಡಾದ ಒಂಟಾರಿಯೊದಲ್ಲೂ ಸ್ಟೀಲ್‌ಹೆಡ್ ಮೀನಿಗೆ ಇದನ್ನೇ ಬಳಸುವವರು ತುಂಬಾ.

ನೀವು ಈಗ ತೆಗೆದುಕೊಳ್ಳುತ್ತಿರುವ ಸ್ಪಿನ್ನಿಂಗ್ ರೀಲಿನ ಮೂಲವೂ ಇದೇ ದೇಶ. ಬ್ರಾಡ್‌ಫೋರ್ಡ್ ಕಡೆಯ ಉಣ್ಣೆ ಗಿರಣಿಯ ಮನೆತನದ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ 1905ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಗಿರಣಿಯಲ್ಲಿ ನೂಲು ಬಾಬಿನ್ನಿನ ತುದಿಯಿಂದ ಜಾರಿ ಬರುವುದನ್ನು ನೋಡಿ ಹೊಳೆದದ್ದು ಅಂತ ಹೇಳುತ್ತಾರೆ. ಹೇಮಾವತಿಯವರು ಮೇಲೆ ವಿವರಿಸಿದ್ದು ಅದನ್ನೇ.

ಕೆರೆಗೆ ಸೆಂಟರ್‌ಪಿನ್ ಬೇಡ. ನಿಂತ ನೀರಿನಲ್ಲಿ ಅದರ ಗುಣ ಕಾಣುವುದೇ ಇಲ್ಲ, ಅದರಿಂದ ದೂರ ಎಸೆಯುವುದೂ ಒಂದು ವಿದ್ಯೆ. ಆಸೆ ತೋರಿಸಿ ಹೋಗುತ್ತಿದ್ದೇನೆ ಅಷ್ಟೇ. ಇಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ನದಿಯಲ್ಲಿ ಗೆಂಡೆಯಂಥ ಮೀನುಗಳಿಗೆ ಗಾಳ ಹಾಕುವಂತಿಲ್ಲ, ಆ ಮೂರು ತಿಂಗಳು ನಾನೂ ಕೊಳದ ಹತ್ತಿರ 2500 ಹಿಡಿದು ಕೂರುವವನೇ.

ಕೆರೆಏರಿ ಹುಡುಗ

ಟ್ರೆಂಟ್ ಸರ್, ಹರಿಯುವ ನೀರು ಅಂದಾಗ ಕಾವೇರಿ ನೆನಪಾಯಿತು. ನಮಗೆ ಹತ್ತಿರವೇ. ಭೀಮೇಶ್ವರಿ ಕಡೆ ಹಿಂದೆ ದೊಡ್ಡ ದೊಡ್ಡ ಬಿಳಿಮೀನು (ಮಹಶೀರ್) ಹಿಡಿಯುತ್ತಿದ್ದರಂತಲ್ಲ, ಅಲ್ಲಿ ಬೆಂಡು ಬಿಡಬಹುದಾ?

ಹೇಮಾವತಿ ದಡ

ಬೇಡ ಗುರೂ. ಅದು ಕಾವೇರಿ ವನ್ಯಜೀವಿ ಧಾಮ. ಹಿಂದೆ ಕ್ಯಾಂಪಿನಲ್ಲಿ ರಾಗಿ ಮುದ್ದೆ ಕಟ್ಟಿ ಹಿಡಿದು ಫೋಟೋ ತೆಗೆದು ವಾಪಸ್ ಬಿಡುವ ಪದ್ಧತಿ ಇತ್ತು, ಅದೂ ನಿಂತು ವರ್ಷಗಳಾದವು. ಆ ಕಿತ್ತಳೆ ಬಾಲದ ಕಾವೇರಿ ಮಹಶೀರ್ 2018ರಿಂದ ಐಯುಸಿಎನ್ ಅನ್ನುವ ಜಾಗತಿಕ ಸಂರಕ್ಷಣಾ ಸಂಸ್ಥೆಯ ಪಟ್ಟಿಯಲ್ಲಿ ಅಳಿವಿನ ಅಂಚಿನ ಕೊನೆ ಹಂತದಲ್ಲಿದೆ. ಧಾಮದ ಹೊರಗೆ ಹೊಳೆಯಲ್ಲಿ ಹಾಕುವುದಾದರೂ ಮೊದಲು ಮೀನುಗಾರಿಕೆ ಇಲಾಖೆಯ ತಾಲೂಕು ಕಚೇರಿಯಲ್ಲಿ ಕೇಳಿ, ಆ ಭಾಗ ಯಾರಿಗೆ ಕೊಟ್ಟಿದ್ದಾರೆ, ಲೈಸೆನ್ಸ್ ಬೇಕಾ ಅಂತ. ಶೃಂಗೇರಿ, ಶಿಶಿಲದ ದೇವರ ಮೀನುಗಳ ವಿಷಯ ನಾನು ಹೇಳಬೇಕಾಗಿಲ್ಲ.

ಕಬಿನಿ ಬ್ಯಾಕ್‌ವಾಟರ್

ಇದಕ್ಕೆ ಮಾತ್ರ ಹೇಮಾವತಿಯವರ ಜೊತೆ ನೂರಕ್ಕೆ ನೂರು.

ಕೆರೆಏರಿ ಹುಡುಗ

ಸರಿ ಸರಿ, ಕೆರೆಯೇ ಸಾಕು. ರೀಲ್ ತಂದೆ! ಮೈಸೂರಿಗೆ ಹೋಗಿ ಅಂಗಡಿಯಲ್ಲಿ ನಿಧಾನಕ್ಕೆ ತಿರುಗಿಸಿ ತಿರುಗಿಸಿ ನೋಡಿ ತಂದಿದ್ದೇನೆ, ಅಂಗಡಿಯವರಿಗೆ ಸಾಕಾಗಿ ಹೋಯಿತು. 2500, ಮುಂದಿನ ಡ್ರ್ಯಾಗ್, 0.25-160, ಲೈನ್ ಕ್ಲಿಪ್ ಇದೆ. 0.25 ನೈಲಾನ್ 100 ಮೀಟರ್ ಉಂಡೆ ಸಿಕ್ಕಿತು. ತುಂಬಿದರೆ ಸ್ಪೂಲ್ ಮುಕ್ಕಾಲೂ ಆಗುವುದಿಲ್ಲ ಅನಿಸುತ್ತದೆ. ಪರವಾಗಿಲ್ವಾ? ಹಿಡಿಕೆ ಎಡಗಡೆ ಇದೆ, ನಾನು ಬಲಗೈಯವನು.

ರೀಲ್ ರಿಪೇರಿ ರಂಗ

ಪರವಾಗಿಲ್ಲ ಅನ್ನುವಂತಿಲ್ಲ, ಹಾಗೇ ಬಿಡಬೇಡಿ. ದಾರ ಅಂಚಿನಿಂದ ಕೆಳಗಿದ್ದರೆ ಪ್ರತಿ ಸುರುಳಿಯೂ ಅಂಚಿಗೆ ಉಜ್ಜಿಕೊಂಡು ಹತ್ತಿ ಬರಬೇಕು, ಹಗುರ ಬೆಂಡಿಗೆ ಅಲ್ಲೇ ಅರ್ಧ ದೂರ ಹೋಯಿತು. ಅಂಚಿಗಿಂತ ಒಂದೂವರೆ ಎರಡು ಮಿ.ಮೀ. ಕೆಳಗೆ ಬರುವಷ್ಟು ತುಂಬಬೇಕು. ಅದಕ್ಕಿಂತ ಮೇಲೆ ತುಂಬಿದರೆ ಕುಣಿಕೆ ಕುಣಿಕೆಯಾಗಿ ಉದುರುತ್ತದೆ. ತಳಕ್ಕೆ ಯಾವುದಾದರೂ ಹಳೆಯ ನೈಲಾನ್ ಸುತ್ತಿ, ಅದರ ಮೇಲೆ ಹೊಸದು. ಎಷ್ಟು ಹಳೆಯದು ಬೇಕು ಅಂತ ತಿಳಿಯಲು ಒಂದು ಉಪಾಯ. ಹೊಸ ದಾರ ಮೊದಲು ಸುತ್ತಿ, ಅದರ ಮೇಲೆ ಹಳೆಯದನ್ನು ಗಂಟು ಹಾಕಿ ಅಂಚಿನವರೆಗೆ ತುಂಬಿ. ಆಮೇಲೆ ಎಲ್ಲವನ್ನೂ ಬಯಲಲ್ಲಿ ಎಳೆದು, ತಿರುಗಿಸಿ, ಹಳೆಯ ತುದಿಯಿಂದ ಮತ್ತೆ ಸುತ್ತಿ. ಸರಿಯಾಗಿ ಕೂರುತ್ತದೆ. ಸುತ್ತುವ ಮುಂಚೆ ಬೇಲ್ ತೆರೆದು ದಾರ ಅದರೊಳಗಿಂದ ತಂದು ಸ್ಪೂಲಿಗೆ ಕಟ್ಟಿ. ಒದ್ದೆ ಬಟ್ಟೆಯಲ್ಲಿ ದಾರ ಹಿಡಿದು ಸ್ವಲ್ಪ ಬಿಗಿಯಾಗಿ ಸುತ್ತಿ.

ಹಿಡಿಕೆ ಎಡಗಡೆ ಇರುವುದೇ ಸರಿ. ಬಲಗೈಯಲ್ಲಿ ಎಸೆಯುತ್ತೀರಿ, ಬೆಂಡು ಮುಳುಗಿದಾಗ ಬಲಗೈಯಲ್ಲೇ ಹೊಡೆದೆಳೆಯುತ್ತೀರಿ, ಎಡಗೈ ಸುಮ್ನೆ ಸುತ್ತುತ್ತಿರುತ್ತದೆ. ಕೈ ಬದಲಿಸುವ ಕೆಲಸ ಇಲ್ಲ. ಒಗ್ಗದಿದ್ದರೆ ಇನ್ನೊಂದು ಪಕ್ಕದ ಮುಚ್ಚಳ ಬಿಚ್ಚಿ ಹಿಡಿಕೆಯನ್ನು ಆ ಕಡೆ ಹಾಕಿಕೊಳ್ಳಬಹುದು, ಈ ಅಳತೆಯ ರೀಲುಗಳಲ್ಲಿ ಹೆಚ್ಚು ಕಡಿಮೆ ಎಲ್ಲದರಲ್ಲೂ ಆಗುತ್ತದೆ.

ಡ್ರ್ಯಾಗ್ ಇಡುವುದಕ್ಕೆ ಮನೆಯಲ್ಲಿ ಕೊಕ್ಕೆ ತಕ್ಕಡಿ ಇದ್ದರೆ ದಾರದ ತುದಿ ಅದಕ್ಕೆ ಕಟ್ಟಿ, ರಾಡ್ ಬಾಗಿಸಿ ಎಳೆಯಿರಿ. ಒಂದು ಕಿಲೋ ತೋರಿಸುವಾಗ ರೀಲ್ ದಾರ ಬಿಡಲು ಶುರು ಮಾಡಬೇಕು. ತಕ್ಕಡಿ ಇಲ್ಲದಿದ್ದರೆ ಒಂದು ಲೀಟರ್ ನೀರಿನ ಬಾಟಲಿ ತುಂಬಿಸಿ ಕಟ್ಟಿ. ರಾಡ್ ಎತ್ತಿದಾಗ ಬಾಟಲಿ ನೆಲ ಬಿಡುತ್ತದೋ ಇಲ್ಲವೋ ಅನ್ನುವ ಹೊತ್ತಿಗೆ ದಾರ ಜಾರಬೇಕು.

ಕೆರೆಏರಿ ಹುಡುಗ

ಬಾಟಲಿ ಇದೆ. ಭಾನುವಾರ ತೂಬಿನ ಹತ್ತಿರ. ಕಬಿನಿ ಅಣ್ಣ, ಎಂಟು ಕಿಲೋ ಕಾಟ್ಲಾ ಬಿದ್ದರೆ ಮೊದಲ ಫೋಟೋ ನಿಮಗೇ.

ಕಬಿನಿ ಬ್ಯಾಕ್‌ವಾಟರ್

ಬಲೆಚೀಲ ತಗೊಂಡು ಹೋಗಯ್ಯ ಮೊದಲು. ಉದ್ದ ಹಿಡಿಕೆಯದ್ದು. ಏರಿ ಕಲ್ಲಿನ ಮೇಲೆ ಆ ದಾರದಲ್ಲಿ ಎತ್ತಲು ಹೋದರೆ ಫೋಟೋದಲ್ಲಿ ಬೆಂಡು ಮಾತ್ರ ಇರುತ್ತದೆ.